ಬೆಳಕು ಕೊಟ್ಟು ಉದ್ದ ಕೊಳ್ಳುವ ವ್ಯಾಪಾರ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ಕಟ್ಟಿದವರ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಇದ್ದಿದ್ದರೆ ಆ ಗಾದೆಗೆ ಇನ್ನೊಂದು ಸಾಲು ಸೇರುತ್ತಿತ್ತು. ಗಾಜಿನ ಬಲದಿಂದ ಬೆಟ್ಟವನ್ನು ಹತ್ತಿರಕ್ಕೆ ಎಳೆದು ತಂದರೂ ಅದು ಎಷ್ಟೋ ಸಲ ನುಣ್ಣಗೇ ಉಳಿಯುತ್ತದೆ. ಟೆಲಿಕನ್ವರ್ಟರ್ ಕೊಂಡ ಹವ್ಯಾಸಿ ಛಾಯಾಗ್ರಾಹಕ ಮೊದಲ ವಾರದಲ್ಲೇ ಕಲಿಯುವ ಪಾಠ ಇದು.

ಈ ಹವ್ಯಾಸಿಯ ಕಥೆ ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ. ಮೊದಲು ಕ್ಯಾಮೆರಾದ ಜೊತೆಗೇ ಬಂದ ಪುಟ್ಟ ಲೆನ್ಸಿನಲ್ಲಿ ಮಕ್ಕಳ ಹುಟ್ಟುಹಬ್ಬ, ನೆಂಟರ ಮದುವೆ. ಆಮೇಲೆ ಹೇಗೋ ಹಕ್ಕಿಗಳ ಹುಚ್ಚು. ಒಂದೆರಡು ವರ್ಷ ದುಡ್ಡು ಕೂಡಿಹಾಕಿ, ಮನೆಯವರಿಗೆ ಬೆಲೆಯನ್ನು ಸ್ವಲ್ಪ ಕಡಿಮೆ ಮಾಡಿ ಹೇಳಿ, 70ರಿಂದ 200 ಮಿ.ಮೀ.ವರೆಗೆ ಹಿಗ್ಗುವ ಒಳ್ಳೆಯ ಟೆಲಿಫೋಟೊ ಜೂಮ್ ಲೆನ್ಸ್ ಒಂದನ್ನು ತರುತ್ತಾನೆ. ಒಂದು ತಿಂಗಳು ಸ್ವರ್ಗ. ಎದುರುಮನೆಯ ತೆಂಗಿನ ಗರಿಯ ಮೇಲಿನ ಕಾಗೆ ಕೈಗೆ ಸಿಕ್ಕಷ್ಟು ಹತ್ತಿರ ಕಾಣುತ್ತದೆ. ಎರಡನೆಯ ತಿಂಗಳು ಅವನು ಕೆರೆಯ ದಂಡೆಗೆ ಹೋಗುತ್ತಾನೆ. ಅಲ್ಲಿ ಎಲ್ಲ ಹಕ್ಕಿಗಳೂ ಆಚೆ ದಡದಲ್ಲೇ ಇರುತ್ತವೆ. ಇದು ಪ್ರಕೃತಿಯ ನಿಯಮ.

ಲೆಕ್ಕ ಹಾಕಿ ನೋಡಿದರೆ ಅವನ ಸಂಕಟ ಅರ್ಥವಾಗುತ್ತದೆ. ಬಣ್ಣದ ಕೊಕ್ಕರೆಯಂಥ ದೊಡ್ಡ ಹಕ್ಕಿ ಸುಮಾರು ಒಂದು ಮೀಟರ್ ಉದ್ದ. ಅದು 50 ಮೀಟರ್ ದೂರದಲ್ಲಿದ್ದರೆ 200 ಮಿ.ಮೀ. ಲೆನ್ಸು ಮೂಡಿಸುವ ಬಿಂಬ ಬರೀ 4 ಮಿ.ಮೀ. ಫಿಲ್ಮ್ ಚೌಕಟ್ಟಿನ ಎತ್ತರ 24 ಮಿ.ಮೀ. ಎಂದರೆ ಚಿತ್ರದ ಆರರಲ್ಲಿ ಒಂದು ಪಾಲು ಕೊಕ್ಕರೆ, ಮಿಕ್ಕಿದ್ದೆಲ್ಲ ನೀರು ಮತ್ತು ಜೊಂಡು. ಮಿಂಚುಳ್ಳಿಯ ಪಾಡಂತೂ ಭತ್ತದ ಕಾಳಿನಷ್ಟೂ ಇಲ್ಲ. ಇದಕ್ಕೆ ಸರಿಯಾದ ಮದ್ದು 600 ಮಿ.ಮೀ.ನ ದೊಡ್ಡ ಲೆನ್ಸು. ಅದರ ಬೆಲೆ ಈಗ ಹತ್ತು ಲಕ್ಷ ರೂಪಾಯಿಗೂ ಮೇಲೆ. ಆ ದುಡ್ಡಿಗೆ ಬರುವ ಕಾರಿನಲ್ಲಿ ಮನೆಮಂದಿಯೆಲ್ಲ ಕೂರಬಹುದು. ಲೆನ್ಸಿನ ಮೇಲೆ ಹಕ್ಕಿಯೂ ಕೂರುವುದಿಲ್ಲ.

ಟೆಲಿಕನ್ವರ್ಟರ್ ಎಂಬ ಪುಟ್ಟ ಸಾಧನ ಅವನ ಬಾಳಿನಲ್ಲಿ ಪ್ರವೇಶಿಸುವುದು ಇಂಥ ಹೊತ್ತಿನಲ್ಲೇ. ಅಂಗೈಯಲ್ಲಿ ಹಿಡಿಸುವ, ಕಾಫಿ ಲೋಟಕ್ಕಿಂತ ಗಿಡ್ಡನೆಯ ಒಂದು ಕೊಳವೆ. ಒಳಗೆ ಕೆಲವು ಮಸೂರಗಳು. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಇದನ್ನು ಸಿಕ್ಕಿಸಿದರೆ ಲೆನ್ಸಿನ ಉದ್ದ ಒಂದೂ ನಾಲ್ಕು ದಶಾಂಶ ಪಟ್ಟೋ, ಎರಡು ಪಟ್ಟೋ ಆಗುತ್ತದೆ. 200 ಇದ್ದದ್ದು 280 ಅಥವಾ 400. ಬೆಲೆ ದೊಡ್ಡ ಲೆನ್ಸಿನ ಇಪ್ಪತ್ತನೆಯ ಒಂದು ಪಾಲು. ಇಷ್ಟು ಸಸ್ತಾ ಆಗಿ ಇಷ್ಟು ಲಾಭ ಬರುವುದಾದರೆ ದೊಡ್ಡ ಲೆನ್ಸನ್ನು ಯಾರಾದರೂ ಏಕೆ ಕೊಳ್ಳುತ್ತಾರೆ ಎಂಬ ಪ್ರಶ್ನೆ ಆಗ ಅವನಿಗೆ ಹೊಳೆಯುವುದಿಲ್ಲ.

ಉಪಾಯವೇನೂ ಹೊಸದಲ್ಲ. ಇಂಗ್ಲೆಂಡಿನ ಗಣಿತಜ್ಞ ಪೀಟರ್ ಬಾರ್ಲೊ 1830ರ ದಶಕದಲ್ಲೇ ದೂರದರ್ಶಕದ ಒಳಗೆ ಒಂದು ನಿಮ್ನ ಮಸೂರವನ್ನು ಸೇರಿಸಿ ಅದರ ಬಲ ಹೆಚ್ಚಿಸುವ ದಾರಿ ತೋರಿಸಿದ್ದ. ಆಕಾಶ ನೋಡುವ ಹವ್ಯಾಸಿಗಳು ಇಂದಿಗೂ ಅದನ್ನು ಬಾರ್ಲೊ ಲೆನ್ಸ್ ಎಂದೇ ಕರೆಯುತ್ತಾರೆ. ಲಂಡನ್ನಿನ ಥಾಮಸ್ ಡಾಲ್‌ಮೆಯರ್ 1891ರಲ್ಲಿ ರೂಪಿಸಿದ ಟೆಲಿಫೋಟೊ ಲೆನ್ಸಿನ ಗುಟ್ಟೂ ಅದೇ: ಮುಂದೆ ಕಿರಣಗಳನ್ನು ಕೂಡಿಸುವ ಗಾಜು, ಹಿಂದೆ ಅವುಗಳನ್ನು ಕೊಂಚ ಅಗಲಿಸುವ ಗಾಜು. ಅಗಲಿಸುವ ಆ ಹಿಂಬದಿಯ ಕೆಲಸವನ್ನು ಇನ್ನೊಮ್ಮೆ ಮಾಡುವುದೇ ಕನ್ವರ್ಟರ್. ಲೆನ್ಸು ಮೂಡಿಸಿದ ಬಿಂಬದ ನಡುಭಾಗವನ್ನು ತೆಗೆದುಕೊಂಡು, ಹಿಗ್ಗಿಸಿ, ಇಡೀ ಚೌಕಟ್ಟಿನ ತುಂಬ ಹರಡುತ್ತದೆ.

ಹರಡುತ್ತದೆ ಎಂಬ ಮಾತಿನಲ್ಲೇ ಎಲ್ಲ ತಾಪತ್ರಯವೂ ಇದೆ. ಊಟಕ್ಕೆ ಕೂತ ಮೇಲೆ ನಾಲ್ಕು ಜನ ನೆಂಟರು ಬಂದರೆ ಗೃಹಿಣಿ ಮಜ್ಜಿಗೆಗೆ ನೀರು ಬೆರೆಸುತ್ತಾಳೆ. ಎಲ್ಲರ ಲೋಟವೂ ತುಂಬುತ್ತದೆ. ಮಜ್ಜಿಗೆ ಮಾತ್ರ ಮೊದಲಿದ್ದಷ್ಟೇ. ಕನ್ವರ್ಟರ್ ಬೆಳಕಿಗೆ ಮಾಡುವುದು ಇದನ್ನೇ. 200 ಮಿ.ಮೀ. ಉದ್ದದ, ಎಫ್ 2.8ರ ಲೆನ್ಸಿನ ಕಿಂಡಿ ಸುಮಾರು 71 ಮಿ.ಮೀ. ಅಗಲ. ಹಿಂದೆ ಎರಡು ಪಟ್ಟಿನ ಕನ್ವರ್ಟರ್ ಸೇರಿಸಿದರೆ ಉದ್ದ 400 ಆಗುತ್ತದೆ, ಕಿಂಡಿ ಅಷ್ಟೇ ಉಳಿಯುತ್ತದೆ. 400ನ್ನು 71ರಿಂದ ಭಾಗಿಸಿದರೆ ಬರುವುದು 5.6. ಛಾಯಾಗ್ರಹಣದ ಭಾಷೆಯಲ್ಲಿ ಎರಡು ಸ್ಟಾಪ್ ನಷ್ಟ. ಮನೆಯ ಭಾಷೆಯಲ್ಲಿ ನಾಲ್ಕು ಪಾಲು ಬೆಳಕಿನಲ್ಲಿ ಮೂರು ಪಾಲು ಹೋಯಿತು. 1.4 ಪಟ್ಟಿನದಾದರೆ ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು. ಈ ತೆರಿಗೆಗೆ ಯಾವ ಕಂಪನಿಯ ಗಾಜಿನಲ್ಲೂ ರಿಯಾಯಿತಿ ಇಲ್ಲ.

ಜೇಬಿಗೆ ಕತ್ತರಿ ಬೀಳುವುದು ಎರಡು ಕಡೆಯಿಂದ. ಬರಿಯ ಲೆನ್ಸಿನಲ್ಲಿ ಸೆಕೆಂಡಿನ 1000ದಲ್ಲಿ ಒಂದು ಪಾಲು ಷಟರ್ ವೇಗ ಸಿಗುತ್ತಿದ್ದ ಬೆಳಗಿನಲ್ಲಿ, ಎರಡು ಪಟ್ಟಿನ ಕನ್ವರ್ಟರ್ ಹಾಕಿದೊಡನೆ ಅದು 250ರಲ್ಲಿ ಒಂದಕ್ಕೆ ಇಳಿಯುತ್ತದೆ. ಆದರೆ ಲೆನ್ಸು ಉದ್ದವಾದಷ್ಟೂ ಕೈನಡುಕ ದೊಡ್ಡದಾಗಿ ಕಾಣುತ್ತದೆ. 400 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿಯಬೇಕಾದರೆ ವೇಗ ಕನಿಷ್ಠ 400ರಲ್ಲಿ ಒಂದಾದರೂ ಇರಬೇಕೆಂಬುದು ಹಳೆಯ ಕೈಗಣಿತ. ವೇಗ ಹೆಚ್ಚು ಬೇಕಾದ ಹೊತ್ತಿನಲ್ಲೇ ಅದು ಕಡಿಮೆಯಾಗುತ್ತದೆ. ಈಗಿನ ಲೆನ್ಸುಗಳಲ್ಲಿರುವ ನಡುಕ ತಡೆಯುವ ಏರ್ಪಾಡು ಹಿಡಿದವನ ಕೈಯನ್ನೇನೋ ಸಂಭಾಳಿಸುತ್ತದೆ. ಹಾರುವ ಹಕ್ಕಿಗೆ ನಿಲ್ಲು ಎಂದು ಹೇಳಲು ಅದಕ್ಕೂ ಬಾರದು.

ಫಿಲ್ಮಿನ ಕಾಲದಲ್ಲಿ ಈ ಲೆಕ್ಕ ಇನ್ನೂ ಬಿಗಿಯಾಗಿತ್ತು. ಕ್ಯಾಮೆರಾದೊಳಗೆ 100 ಐಎಸ್‌ಒ ಸ್ಲೈಡ್ ಫಿಲ್ಮ್ ಇದ್ದರೆ 36 ಚಿತ್ರ ಮುಗಿಯುವವರೆಗೆ ಅದೇ ಸಂಸಾರ. ಮೋಡ ಕವಿದರೆ ಕನ್ವರ್ಟರ್ ಚೀಲ ಸೇರುತ್ತಿತ್ತು. ಜೊತೆಗೆ ವ್ಯೂಫೈಂಡರ್ ಮಸುಕಾಗುತ್ತಿತ್ತು. ಅಂದಿನ ಬಹುಪಾಲು ಕ್ಯಾಮೆರಾಗಳ ಆಟೊಫೋಕಸ್ ಎಫ್ 5.6ಕ್ಕಿಂತ ಕಡಿಮೆ ಬೆಳಕಿನಲ್ಲಿ ಕೆಲಸ ಮಾಡಲು ಒಪ್ಪುತ್ತಿರಲಿಲ್ಲ. ಕತ್ತಲ ಕೋಣೆಯಲ್ಲಿ ಬೀಗದ ಕೈ ಹುಡುಕುವವನಂತೆ ಹಿಂದಕ್ಕೂ ಮುಂದಕ್ಕೂ ತಡಕಾಡುತ್ತಿತ್ತು. ಅಷ್ಟರಲ್ಲಿ ಹಕ್ಕಿ ಸಂಸಾರ ಸಮೇತ ಬೇರೆ ಕೆರೆಗೆ ಹೋಗಿರುತ್ತಿತ್ತು. ಈಗ ಆ ಕಷ್ಟ ಬಹಳ ಕಡಿಮೆಯಾಗಿದೆ. ಐಎಸ್‌ಒವನ್ನು ಒಂದು ಗುಂಡಿ ತಿರುಗಿಸಿ 3200ಕ್ಕೆ ಏರಿಸಬಹುದು. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳು ಎಫ್ 8, ಎಫ್ 11ರಲ್ಲೂ ಫೋಕಸ್ ಹಿಡಿಯುತ್ತವೆ. ಆದರೂ ಕಳೆದ ಬೆಳಕು ಕಳೆದದ್ದೇ. ಅದನ್ನು ಚಿತ್ರದ ಕಾಳುಕಾಳಿನ ರೂಪದಲ್ಲಿ ಯಾವುದಾದರೊಂದು ಕಡೆ ತೀರಿಸಲೇಬೇಕು.

ಇನ್ನು ಜೂಮ್ ಲೆನ್ಸಿನ ಸ್ವಭಾವದ ಮಾತು. ಒಂದೇ ಉದ್ದದ ಲೆನ್ಸು ಒಂದೇ ರಾಗ ಹಾಡಿ ಪಳಗಿದ ಗಾಯಕನಿದ್ದಂತೆ. ಜೂಮ್ ಹಾಗಲ್ಲ, ಅದು 70ರಲ್ಲೂ ಹಾಡಬೇಕು, 200ರಲ್ಲೂ ಹಾಡಬೇಕು. ಇದಕ್ಕಾಗಿ ಒಳಗೆ ಹದಿನೈದು ಇಪ್ಪತ್ತು ಗಾಜುಗಳು, ಅವು ಜರುಗುವ ದಾರಿಗಳು, ನೂರೆಂಟು ರಾಜಿಗಳು. ಎಷ್ಟೋ ಜೂಮ್‌ಗಳು ತಮ್ಮ ಕೊಟ್ಟಕೊನೆಯ ಉದ್ದದಲ್ಲೇ ಸ್ವಲ್ಪ ಮೃದು. ಕನ್ವರ್ಟರ್ ಹಾಕುವವನು ಬಳಸುವುದೂ ಆ ಕೊನೆಯನ್ನೇ. ಕನ್ವರ್ಟರ್ ಬಿಂಬವನ್ನು ಮಾತ್ರ ಹಿಗ್ಗಿಸುವುದಿಲ್ಲ, ಲೆನ್ಸಿನ ದೋಷಗಳನ್ನೂ ಅಷ್ಟೇ ನಿಷ್ಠೆಯಿಂದ ಹಿಗ್ಗಿಸುತ್ತದೆ. ಬರಿಗಣ್ಣಿಗೆ ಕಾಣದಿದ್ದ ನೇರಳೆ ಅಂಚು ರೆಕ್ಕೆಯ ಸುತ್ತ ಸೀರೆಯಂಚಿನ ಹಾಗೆ ಎದ್ದು ಕಾಣತೊಡಗುತ್ತದೆ. ತಪ್ಪು ಕನ್ವರ್ಟರಿನದೆಂದು ಬೈಯುವವರೇ ಹೆಚ್ಚು. ಬಹುಪಾಲು ಸಲ ಅದು ಕೇವಲ ಚಾಡಿ ಹೇಳಿರುತ್ತದೆ.

ಆದ್ದರಿಂದ ಯಾವ ಜೂಮಿಗೆ ಯಾವ ಕನ್ವರ್ಟರ್ ಎಂಬುದು ಜಾತಕ ಕೂಡಿಸುವಷ್ಟೇ ಎಚ್ಚರದ ಕೆಲಸ. ಎಫ್ 2.8ರ 70–200 ಜೂಮ್ ಒಳ್ಳೆಯ ವರ; 1.4 ಪಟ್ಟಿನ ಕನ್ವರ್ಟರಿನೊಡನೆ ಅದರ ಸಂಸಾರ ಸುಖವಾಗಿಯೇ ಸಾಗುತ್ತದೆ, ಎರಡು ಪಟ್ಟಿನದರೊಡನೆ ಸಣ್ಣಪುಟ್ಟ ಜಗಳವಾದರೂ ಮುರಿಯುವುದಿಲ್ಲ. 100–400ರಂಥ ಜೂಮ್ ತನ್ನ ಕೊನೆಯಲ್ಲಿ ಮೊದಲೇ ಎಫ್ 5.6. ಅದಕ್ಕೆ 1.4 ಸೇರಿಸಿದರೆ 560 ಮಿ.ಮೀ., ಎಫ್ 8: ಬಿಸಿಲಿದ್ದರೆ ನಡೆಯುತ್ತದೆ. ಎರಡು ಪಟ್ಟು ಸೇರಿಸಿದರೆ 800 ಮಿ.ಮೀ., ಎಫ್ 11: ಅದು ಮಧ್ಯಾಹ್ನದ ಬಿಸಿಲಿನಲ್ಲಿ, ಸ್ಟ್ಯಾಂಡಿನ ಮೇಲೆ, ಅಲುಗಾಡದ ಹಕ್ಕಿಗೆ ಮಾತ್ರ. ಇನ್ನು ಅಗ್ಗದ ಜೂಮ್‌ಗಳಿಗೆ ಕನ್ವರ್ಟರ್ ಹಾಕುವುದು ಮುರುಕು ಎತ್ತಿನಗಾಡಿಗೆ ಎರಡನೆಯ ಜೊತೆ ಎತ್ತು ಕಟ್ಟಿದಂತೆ. ಕೆಲವು ಕಂಪನಿಗಳ ಕನ್ವರ್ಟರಿನ ಮುಂಗಾಜು ಹೊರಕ್ಕೆ ಚಾಚಿಕೊಂಡಿರುವುದರಿಂದ ಎಲ್ಲ ಲೆನ್ಸುಗಳಿಗೂ ಅದು ಕೂರುವುದೂ ಇಲ್ಲ. ಬಲವಂತವಾಗಿ ತಿರುಗಿಸಿದರೆ ಗಾಜಿಗೆ ಗಾಜು ತಾಕುತ್ತದೆ. ಕೊಳ್ಳುವ ಮೊದಲು ತಯಾರಕರ ಪಟ್ಟಿ ನೋಡುವುದು ಕ್ಷೇಮ.

ತಯಾರಕರೂ ಸುಮ್ಮನೆ ಕೂತಿಲ್ಲ. 2013ರಲ್ಲಿ ಕ್ಯಾನನ್ ಕಂಪನಿ 1.4 ಪಟ್ಟಿನ ಕನ್ವರ್ಟರನ್ನು ಹೊಟ್ಟೆಯೊಳಗೇ ಇಟ್ಟುಕೊಂಡ 200–400 ಜೂಮನ್ನು ತಂದಿತು; ಒಂದು ಸನ್ನೆ ಒತ್ತಿದರೆ ಗಾಜುಗಳು ದಾರಿಗೆ ಬಂದು ನಿಲ್ಲುತ್ತವೆ, ಮತ್ತೆ ಒತ್ತಿದರೆ ಬದಿಗೆ ಸರಿಯುತ್ತವೆ. 2018ರಲ್ಲಿ ನಿಕಾನ್ ಕೂಡ 180–400 ಜೂಮಿನಲ್ಲಿ ಇದೇ ಏರ್ಪಾಡು ಮಾಡಿತು. ಕಾಡಿನ ಧೂಳಿನಲ್ಲಿ, ಜೀಪಿನ ಕುಲುಕಾಟದಲ್ಲಿ, ಒಂದು ಕೈಯಲ್ಲಿ ಲೆನ್ಸ್, ಒಂದು ಕೈಯಲ್ಲಿ ಕ್ಯಾಮೆರಾ, ಹಲ್ಲಿನಲ್ಲಿ ಮುಚ್ಚಳ ಕಚ್ಚಿಕೊಂಡು ಕನ್ವರ್ಟರ್ ಬದಲಿಸಿದವರಿಗೆ ಇದರ ಸುಖ ಗೊತ್ತಾಗುತ್ತದೆ. ಬೆಲೆ ಕೇಳಿದ ಮೇಲೆ ಮತ್ತೆ ಹಲ್ಲಿನಲ್ಲಿ ಮುಚ್ಚಳ ಕಚ್ಚುವುದೇ ಮೇಲು ಎನಿಸುತ್ತದೆ.

ಇಷ್ಟೆಲ್ಲ ಕಷ್ಟ ಏಕೆ, ಬರಿಯ ಲೆನ್ಸಿನಲ್ಲೇ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬೇಕಾದಷ್ಟೇ ಕತ್ತರಿಸಿಕೊಳ್ಳಬಾರದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 24 ಮೆಗಾಪಿಕ್ಸೆಲ್ ಚಿತ್ರವನ್ನು 1.4 ಪಟ್ಟು ಹಿಗ್ಗುವಷ್ಟು ಕತ್ತರಿಸಿದರೆ 12 ಉಳಿಯುತ್ತದೆ, ಎರಡು ಪಟ್ಟಾದರೆ ಬರೀ 6. ಲೆನ್ಸು ಚುರುಕಾಗಿದ್ದರೆ ಕನ್ವರ್ಟರ್ ತಂದುಕೊಡುವ ಗರಿಯ ಎಳೆಗಳನ್ನು ಕತ್ತರಿ ತಂದುಕೊಡಲಾರದು. ಲೆನ್ಸು ಸಾಧಾರಣವಾಗಿದ್ದರೆ ಎರಡರಲ್ಲೂ ಒಂದೇ ಫಲ. ಆಗ ಕತ್ತರಿಯೇ ಅಗ್ಗ. ತಿಳಿಯಲು ಪರರ ಮಾತು ಬೇಡ. ದಿನಪತ್ರಿಕೆಯ ಒಂದು ಹಾಳೆಯನ್ನು ಕಾಂಪೌಂಡ್ ಗೋಡೆಗೆ ಅಂಟಿಸಿ, ದೂರ ನಿಂತು, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಕನ್ವರ್ಟರ್ ಸಹಿತ ಒಂದು, ರಹಿತ ಒಂದು ಚಿತ್ರ ತೆಗೆದು ಸಣ್ಣಕ್ಷರಗಳನ್ನು ಓದಿ ನೋಡಿದರಾಯಿತು. ಕಿಂಡಿಯನ್ನು ಇನ್ನೊಂದು ಸ್ಟಾಪ್ ಕಿರಿದುಮಾಡಿ ಮತ್ತೊಂದು ಚಿತ್ರ ತೆಗೆದರೆ ಅಕ್ಷರಗಳು ಎಷ್ಟೋ ಸಲ ಥಟ್ಟನೆ ಚುರುಕಾಗುತ್ತವೆ. ಅರ್ಧ ಗಂಟೆಯ ಈ ಪರೀಕ್ಷೆ ಒಂದು ವರ್ಷದ ಕೊರಗನ್ನು ತಪ್ಪಿಸುತ್ತದೆ.

ಕನ್ವರ್ಟರಿನಲ್ಲಿ ಅಂಗಡಿಯವನೂ ಹೇಳಲು ಮರೆಯುವ ಒಂದು ಗುಣವಿದೆ. ಲೆನ್ಸು ಎಷ್ಟು ಹತ್ತಿರದವರೆಗೆ ಫೋಕಸ್ ಮಾಡಬಲ್ಲದೋ ಆ ದೂರ ಕನ್ವರ್ಟರ್ ಹಾಕಿದ ಮೇಲೂ ಬದಲಾಗುವುದಿಲ್ಲ. ಅಷ್ಟೇ ದೂರದಲ್ಲಿ ನಿಂತು ಎರಡು ಪಟ್ಟು ದೊಡ್ಡ ಬಿಂಬ ಪಡೆಯಬಹುದು. ಲಂಟಾನದ ಹೂವಿನ ಮೇಲಿನ ಚಿಟ್ಟೆ, ಗದ್ದೆಯ ಬದುವಿನ ಏರೋಪ್ಲೇನ್ ಚಿಟ್ಟೆಗಳ ಮೇಲೆ ನೆರಳು ಬೀಳದಷ್ಟು ದೂರದಲ್ಲಿದ್ದೇ ಅವುಗಳ ಕಣ್ಣನ್ನು ತುಂಬಿಕೊಳ್ಳಬಹುದು. ಹಕ್ಕಿಗೆಂದು ಕೊಂಡ ಕನ್ವರ್ಟರ್ ಕೊನೆಗೆ ಚಿಟ್ಟೆಯ ಪಾಲಾದ ಉದಾಹರಣೆಗಳು ಬೇಕಾದಷ್ಟಿವೆ.

ಹತ್ತಿರ ಹೋಗದೆಯೇ ಹತ್ತಿರದ ಚಿತ್ರ. ಈ ಮಾತಿನ ತೂಕ ತಿಳಿಯಬೇಕಾದರೆ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಬರಬೇಕು. ಸಲೀಂ ಅಲಿಯವರ ಸಲಹೆಯಂತೆ ಮೈಸೂರಿನ ಅರಸರು 1940ರಲ್ಲಿ ಪಕ್ಷಿಧಾಮವೆಂದು ಘೋಷಿಸಿದ, 2022ರಲ್ಲಿ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿದ ಕಾವೇರಿಯ ಈ ನಡುಗಡ್ಡೆಗಳಲ್ಲಿ ಬೇಸಿಗೆ ಎಂದರೆ ಬಾಣಂತನದ ಕಾಲ. ಮರಗಳ ಮೇಲೆ ಬಣ್ಣದ ಕೊಕ್ಕರೆ, ಚಮಚದ ಕೊಕ್ಕರೆಗಳ ಸಂಸಾರ. ನೀರಿನ ನಡುವಿನ ಬೋಳು ಬಂಡೆಗಳ ಮೇಲೆ ನದಿ ರೀವಗಳ ಮೊಟ್ಟೆಗಳು. ಗೂಡೆಂಬ ಗೂಡಿಲ್ಲ, ಕಲ್ಲೇ ತೊಟ್ಟಿಲು. ಆ ಬಿಸಿಲಲ್ಲಿ ತಾಯಿ ಹಕ್ಕಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲು ಮಾತ್ರವಲ್ಲ, ನೆರಳು ಕೊಡಲು. ಅದನ್ನು ಎಬ್ಬಿಸಿದರೆ ಮೊಟ್ಟೆಗೆ ಕಾದ ಕಲ್ಲಿನ ಶಾಖ ನೇರವಾಗಿ ತಗಲುತ್ತದೆ. ಕಾಗೆಯೂ ಅದೇ ಹೊತ್ತಿಗೆ ಕಾದಿರುತ್ತದೆ.

ದೋಣಿಯಲ್ಲಿ ಕುಳಿತವನ ಕೈಯಲ್ಲಿ 200 ಮಿ.ಮೀ. ಲೆನ್ಸು ಮಾತ್ರ ಇದ್ದರೆ ಬಾಯಲ್ಲಿ ಬರುವ ಮಾತು ಒಂದೇ: ಇನ್ನೂ ಸ್ವಲ್ಪ ಹತ್ತಿರ ಹೋಗಪ್ಪಾ. ದೋಣಿಯವನಿಗೆ ನಿಯಮ ಗೊತ್ತು, ಹಕ್ಕಿಯ ಮನಸ್ಸೂ ಗೊತ್ತು. ಯಾವ ದೂರದಲ್ಲಿ ಹಕ್ಕಿ ಕತ್ತು ನೀಳಮಾಡುತ್ತದೆ, ಎಲ್ಲಿ ಅದು ಎದ್ದುನಿಲ್ಲುತ್ತದೆ, ಎಲ್ಲಿ ಹಾರಿಯೇಬಿಡುತ್ತದೆ ಎಂಬ ಗೆರೆಗಳು ನೀರಿನ ಮೇಲೆ ಬರೆಯದಿದ್ದರೂ ಇವೆ. ಆ ಗೆರೆಯ ಈಚೆಗೇ ದೋಣಿ ನಿಂತು, 1.4 ಪಟ್ಟಿನ ಕನ್ವರ್ಟರಿನಿಂದ ಬಿಂಬ ತುಸು ಹಿಗ್ಗಿದರೆ, ಆ ಕಳೆದ ಒಂದು ಸ್ಟಾಪ್ ಬೆಳಕು ನಷ್ಟವೆಂದು ಅನ್ನಿಸುವುದಿಲ್ಲ. ಅದು ಹಕ್ಕಿಯ ಅಂಗಳಕ್ಕೆ ಕಾಲಿಡದೆ ಇದ್ದುದಕ್ಕೆ ಕಟ್ಟಿದ ಶುಲ್ಕ. ದೋಣಿಯಲ್ಲಿ ಸ್ಟ್ಯಾಂಡ್ ಕೆಲಸಕ್ಕೆ ಬಾರದು. ಅದು ದೋಣಿಯ ನಡುಕವನ್ನೆಲ್ಲ ಲೆನ್ಸಿಗೆ ಸಾಗಿಸುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು, ಹುಟ್ಟು ನೀರಿನಿಂದ ಮೇಲೆದ್ದ ಗಳಿಗೆಯಲ್ಲಿ ಬೆರಳು ಒತ್ತಬೇಕು. ಬೆಳಿಗ್ಗೆ ಒಂಬತ್ತರೊಳಗೆ ಕೆಲಸ ಮುಗಿದರೆ ಸರಿ. ಬಿಸಿಲೇರಿದ ಮೇಲೆ ಬಂಡೆಗಳ ಮೇಲಿನ ಗಾಳಿ ಕುದಿಯತೊಡಗುತ್ತದೆ. ಆ ಕುದಿತವನ್ನೂ ಕನ್ವರ್ಟರ್ ಹಿಗ್ಗಿಸುತ್ತದೆಯೇ ಹೊರತು ದಾಟುವುದಿಲ್ಲ.

ಉದ್ದನೆಯ ಲೆನ್ಸುಗಳು ಅಪರೂಪವಾಗಿದ್ದ ಕಾಲದಲ್ಲಿ ಹಕ್ಕಿಯ ಚಿತ್ರವೆಂದರೆ ಹೆಚ್ಚಾಗಿ ಗೂಡಿನ ಚಿತ್ರವೇ ಆಗಿತ್ತು. ಹಕ್ಕಿ ಖಂಡಿತವಾಗಿ ಮರಳಿ ಬರುವ ಜಾಗ ಅದೊಂದೇ. ಗೂಡಿನ ಬಳಿ ಮರೆ ಕಟ್ಟಿ, ಅದರೊಳಗೆ ಬೆವರುತ್ತಾ ಗಂಟೆಗಟ್ಟಲೆ ಕೂರುವುದು ಕನ್ನಡ ನಾಡಿನಲ್ಲೂ ಹೊರಗೂ ನಡೆದುಬಂದ ಪದ್ಧತಿ. ಬಲ್ಲವರು ಮರೆಯನ್ನು ದಿನಕ್ಕಿಷ್ಟು ಮುಂದೆ ಸರಿಸುತ್ತಾ, ಹಕ್ಕಿಯ ಒಪ್ಪಿಗೆ ಪಡೆದೇ ಕೂರುತ್ತಿದ್ದರು. ಅರೆಬರೆ ಬಲ್ಲವರು ಅಡ್ಡಬಂದ ಕೊಂಬೆ ಕಡಿದು ಚಿತ್ರ ತೆಗೆದರು. ಮರೆಯಿಲ್ಲದ ಗೂಡು ಮಾರನೆಯ ದಿನ ಹದ್ದಿಗೆ ಕಂಡಿತು. ಈಗ ಹಲವು ಸ್ಪರ್ಧೆಗಳಲ್ಲಿ ಗೂಡಿನ ಚಿತ್ರಗಳಿಗೆ ಜಾಗವಿಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯ ವನ್ಯಜೀವಿ ಛಾಯಾಗ್ರಾಹಕರ ಮತ್ತು ಮೂಡಿಗೆರೆಯ ಸುತ್ತಿನ ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿಯವರ ಚಿತ್ರಗಳನ್ನು ನೋಡಿದವರು ಅಲ್ಲಿ ಲೆನ್ಸಿಗಿಂತ ಮೊದಲು ಕಾಯುವ ಸಹನೆಯನ್ನು ಕಾಣುತ್ತಾರೆ. ಕನ್ವರ್ಟರ್ ಅದರ ಬದಲಿಗೆ ಬರುವ ಸಾಧನವಲ್ಲ. ಕಾಯಬಲ್ಲವನಿಗೆ ಅದು ಇನ್ನೊಂದು ಹೆಜ್ಜೆ ಹಿಂದೆಯೇ ನಿಲ್ಲುವ ಅನುಕೂಲ. ಕಾಯಲಾರದವನಿಗೆ ನುಣ್ಣನೆಯ ಬೆಟ್ಟ.

ಇನ್ನೊಂದು ಸಂಗತಿಯಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಕಾಡಿನಲ್ಲಲ್ಲ, ಮನೆಗಳ ಹಿತ್ತಲಿನ ಹುಣಸೆ, ಆಲದ ಮರಗಳಲ್ಲಿ. ಕೆಳಗೆ ದನ ಕಟ್ಟಿರುತ್ತಾರೆ, ಹೆಂಗಸರು ಪಾತ್ರೆ ತೊಳೆಯುತ್ತಿರುತ್ತಾರೆ, ಮಕ್ಕಳು ಗೋಲಿ ಆಡುತ್ತಿರುತ್ತಾರೆ. ತಲೆಯ ಮೇಲೆ ಮರಿಗಳು ಕಿರುಚುತ್ತಿರುತ್ತವೆ. ಊರಿನವರು ಗೂಡಿರುವ ಮರದ ಹುಣಸೆಹಣ್ಣಿನ ಆಸೆ ಬಿಟ್ಟಿದ್ದಾರೆ. ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡಿದ್ದಾರೆ. ಎಷ್ಟೋ ತಲೆಮಾರುಗಳಿಂದ ಯಾರೂ ಕಲ್ಲು ಎಸೆದಿಲ್ಲವಾದ್ದರಿಂದ ಹಕ್ಕಿಗೂ ಮನುಷ್ಯನಿಗೂ ನಡುವಿನ ಗೆರೆ ಅಲ್ಲಿ ಮರದೆತ್ತರಕ್ಕೆ ಇಳಿದಿದೆ. ಚೀಲದ ತುಂಬ ಗಾಜು ಹೊತ್ತು ಬಂದ ಹವ್ಯಾಸಿ ಕನ್ವರ್ಟರ್ ಸಿಕ್ಕಿಸಿ ಕ್ಯಾಮೆರಾ ಎತ್ತಿದರೆ ಚೌಕಟ್ಟಿನಲ್ಲಿ ಹೆಜ್ಜಾರ್ಲೆಯ ಕೊಕ್ಕಿನ ತುದಿ ಮಾತ್ರ ಹಿಡಿಸುತ್ತದೆ. ಕನ್ವರ್ಟರ್ ಬಿಚ್ಚಿ, ಜೂಮನ್ನು 70ಕ್ಕೆ ಇಳಿಸಿದಾಗ ಹಕ್ಕಿ, ಗೂಡು, ಮರ, ಅದರ ಕೆಳಗೆ ಹುಲ್ಲು ಹಾಕುತ್ತಿರುವ ಮುದುಕಿ ಎಲ್ಲರೂ ಒಟ್ಟಿಗೆ ಬರುತ್ತಾರೆ. ಬಿಚ್ಚಿಟ್ಟ ಎರಡು ಸ್ಟಾಪ್ ಬೆಳಕೂ ಪೂರ್ತಿಯಾಗಿ ಮರಳಿ ಬಂದಿರುತ್ತದೆ.